ಮೂರನೆಯ ಉದಾಹರಣೆ

ಜೂನ್ 3, ಸೋಮವಾರ

ಇನ್ನೂ ಸಿ ಅಕ್ಷರದಲ್ಲೇ ಇದ್ದೇವೆ. ಬೆಳಿಗ್ಗೆ ಹದಿನಾಲ್ಕು ಪುಟ, ಮಧ್ಯಾಹ್ನ ಒಂಬತ್ತು. ಊಟದ ಮೇಲೆ ಯಾವಾಗಲೂ ನಿಧಾನ. ಓದುವವರ ದನಿಯದ್ದಲ್ಲ ತಪ್ಪು, ನನ್ನ ಕಣ್ಣಿನದ್ದು.

ಪುಸ್ತಕ: ಇಂಗ್ಲಿಷ್ ಪದಗಳ ಕೈಪಿಡಿ. ಪರೀಕ್ಷೆ ಕಟ್ಟುವವರಿಗೆ, ಗುಮಾಸ್ತರಿಗೆ. ಪದ, ಅರ್ಥ, ಬಳಕೆ, ಎರಡು ಉದಾಹರಣೆ. ಪ್ರತಿ ಉದಾಹರಣೆಗೂ ಮೊದಲು ಇಂಗ್ಲಿಷ್ ವಾಕ್ಯ, ಕೆಳಗೆ ಅದರ ಕನ್ನಡ. ಬರೆದವರು ನಿವೃತ್ತ ಮೇಷ್ಟ್ರು. ಕಂಪ್ಯೂಟರ್ ಮುಟ್ಟುವುದಿಲ್ಲ. ಗೆರೆ ಹಾಳೆ, ನೀಲಿ ಶಾಯಿ, ಅಂಚಿನಲ್ಲಿ ಇರುವೆ ಸಾಲಿನಂಥ ಟಿಪ್ಪಣಿ. ಹಾಗಾಗಿ ನಮ್ಮ ಹಳೆಯ ಪದ್ಧತಿಯೇ ನಡೆದಿದೆ: ಮೇಡಂ ಹಸ್ತಪ್ರತಿ ಹಿಡಿದು ಗಟ್ಟಿಯಾಗಿ ಓದುತ್ತಾರೆ, ನಾನು ಎದುರು ಕೂತು ಪ್ರೂಫಿನಲ್ಲಿ ಸಾಲುಸಾಲು ಹೋಲಿಸುತ್ತೇನೆ. ಅಲ್ಪವಿರಾಮಕ್ಕೆ ‘ಅಲ್ಪ’, ಪೂರ್ಣವಿರಾಮಕ್ಕೆ ‘ಪೂರ್ಣ’. ಇಂಗ್ಲಿಷ್ ಪದವಾದರೆ ಒಂದೊಂದೇ ಅಕ್ಷರ.

ಹನ್ನೊಂದು ವರ್ಷದಿಂದ ನಿಯಮ ಎರಡೇ. ಒಂದು, ಕಣ್ಣು ಪ್ರೂಫ್ ಬಿಡಬಾರದು. ಎಡಗೈಯಲ್ಲಿ ಸ್ಕೇಲು, ಸಾಲಿನ ಕೆಳಗೆ. ಎರಡು, ಅರ್ಥವನ್ನು ಒಳಗೆ ಬಿಡಬಾರದು. ಅರ್ಥ ಹಿಡಿದು ಓದುವವನಿಗೆ ತಪ್ಪು ಕಾಣುವುದಿಲ್ಲ — ಇರಬೇಕಾದ ಅಕ್ಷರವನ್ನು ಕಣ್ಣು ತಾನೇ ತುಂಬಿಕೊಂಡು ಮುಂದೆ ಹೋಗುತ್ತದೆ. ಕೇಳಬೇಕು, ಅಕ್ಷರ ನೋಡಬೇಕು. ಅಷ್ಟೇ.

ನಾಲ್ಕು ಗಂಟೆಗೆ ಮ್ಯಾನೇಜರು ಬಂದರು. ಪ್ರೆಸ್ಸಿನಲ್ಲಿ ಎಲ್ಲರೂ ಅವರನ್ನು ‘ಅಲ್ಪವಿರಾಮ’ ಎನ್ನುವುದು. ಯಾವ ಮಾತನ್ನೂ ಮುಗಿಸುವುದಿಲ್ಲ. ಈಗ ಸಾಫ್ಟ್‌ವೇರೇ ಸ್ಪೆಲಿಂಗ್ ನೋಡುತ್ತಂತೆ, ಆಮೇಲೆ ಒಬ್ಬರು ಮೇಲೆಮೇಲೆ ಕಣ್ಣಾಡಿಸಿದರೆ ಸಾಕಂತೆ, ಹಾಗಾಗಿ ಓದುವ ಕೆಲಸ ಈ ತಿಂಗಳ ಕೊನೆಗೆ, ಅಂದರೆ, ಮೇಲಿನವರ ಅಭಿಪ್ರಾಯ...

 ಮೇಡಂ ನಿಲ್ಲಿಸಿದಲ್ಲಿಂದಲೇ ಓದಿದರು. ದನಿಯಲ್ಲಿ ವ್ಯತ್ಯಾಸವಿರಲಿಲ್ಲ. ನಾನೂ ಸಾಲು ತಪ್ಪಲಿಲ್ಲ.

ಮನೆಗೆ ಬಂದ ಮೇಲೆ ತಿಳಿಯಿತು — ಆ ಪುಟದಲ್ಲಿ ಒಂದು ದೀರ್ಘ ನೋಡದೆ ಬಿಟ್ಟಿದ್ದೇನೆ. ನಾಳೆ ಹಾಕಬೇಕು.


ಜೂನ್ 5, ಬುಧವಾರ

ಮೇಷ್ಟ್ರು ಬಂದಿದ್ದರು. ಛತ್ರಿ, ಹೆಗಲ ಚೀಲ, ಒಂದು ಕಂತೆ ತಿದ್ದುಪಡಿ. ಒಂದೇ ಪದದ ಮೇಲೆ ಮುಕ್ಕಾಲು ಗಂಟೆ. ಪದ: ಕರ್ಸರಿ.

ಹಸ್ತಪ್ರತಿ ನೋಡಿ ಟೈಪ್ ಮಾಡುವ ಕಂಪೋಸಿಂಗ್ ಹುಡುಗಿ ‘ತರಾತುರಿಯ’ ಎಂದು ಹಾಕಿದ್ದಾಳೆ. ಮೇಷ್ಟ್ರು ಬರೆದದ್ದು ‘ಮೇಲುಮೇಲಿನ’. ಎರಡೂ ಒಂದೇ ಅಲ್ಲವೇ ಎಂದೆ. ಕೇಳಬಾರದಿತ್ತು. ಕುರ್ಚಿ ಎಳೆದುಕೊಂಡು ಕೂತರು.

“ತರಾತುರಿ ಕೈಕಾಲಿಗೆ ಸೇರಿದ್ದು. ಬಸ್ ಹಿಡಿಯೋನು ತರಾತುರೀಲಿ ಓಡ್ತಾನೆ, ಅದರಲ್ಲಿ ತಪ್ಪೇನಿಲ್ಲ. ಕರ್ಸರಿ ಕಣ್ಣಿಗೆ ಸೇರಿದ್ದು. ನೋಟ, ಓದು, ತಪಾಸಣೆ — ಇಂಥದ್ದರ ಹಿಂದೇನೇ ಬರೋದು. ಕಣ್ಣು ಹೋಯ್ತು, ಮುಟ್ಟಿತು, ನಿಲ್ಲಲಿಲ್ಲ.”

ಹಾಗಾದರೆ ‘ಕಾಟಾಚಾರದ’ ಎನ್ನಬಹುದೇ ಎಂದು ಮೇಡಂ ಕೇಳಿದರು. ಪದಗಳ ವಿಷಯದಲ್ಲಿ ಅವರು ಮಾತಾಡುವುದು ಅಪರೂಪ.

ಮೇಷ್ಟ್ರಿಗೆ ಖುಷಿಯಾಯಿತು. “ಅಲ್ಲಮ್ಮ, ಅದು ಇನ್ನೊಂದು ಜಾತಿ. ಕಾಟಾಚಾರ ಅಂದ್ರೆ ಟೈಮ್ ಇದೆ, ಮನಸ್ಸಿಲ್ಲ. ಕರ್ಸರಿ ಅಂದ್ರೆ ಮನಸ್ಸಿದ್ರೂ ಇರಬಹುದು, ಟೈಮ್ ಕೊಟ್ಟಿಲ್ಲ. ಮೊದಲನೇದನ್ನ ಕ್ಷಮಿಸೋಕಾಗಲ್ಲ. ಎರಡನೇದಕ್ಕೆ ಇನ್ನೊಂದು ಸಲ ನೋಡಪ್ಪಾ ಅನ್ನಬಹುದು.”

ಮೇಡಂ ನಕ್ಕರು. ನಗು ಕೇಳಿಸಿತು. ನಾನು ‘ತರಾತುರಿಯ’ ಹೊಡೆದು ‘ಮೇಲುಮೇಲಿನ’ ಬರೆಯುತ್ತಿದ್ದೆ.


ಜೂನ್ 7, ಶುಕ್ರವಾರ

ಕರ್ಸರಿ ಪುಟ ಮುಗಿಯಿತು. ಕಂಪೋಸಿಂಗ್ ಹುಡುಗಿಗೆ ಹೇಳಬೇಕು — ಇಡೀ ಒಂದು ಉದಾಹರಣೆಯನ್ನೇ ನುಂಗಿದ್ದಾಳೆ.

ಮೇಡಂ ಓದಿದರು: ಸಿ, ಯು, ಆರ್, ಎಸ್, ಓ, ಆರ್, ವೈ. ಗುಣವಾಚಕ. ಅವಸರದ, ಮೇಲುಮೇಲಿನ, ಆಳಕ್ಕಿಳಿಯದ. ಒಂದನೆಯ ಉದಾಹರಣೆ, ಸೇತುವೆಯ ಮೇಲುಮೇಲಿನ ತಪಾಸಣೆಯಲ್ಲಿ ಬಿರುಕು ಕಾಣಲಿಲ್ಲ, ಪೂರ್ಣ. ಇತ್ತು. ಎರಡನೆಯದು, ಅಧಿಕಾರಿ ಅರ್ಜಿಯ ಮೇಲೆ ಮೇಲುಮೇಲೆ ಕಣ್ಣಾಡಿಸಿ ಸಹಿ ಹಾಕಿದರು, ಪೂರ್ಣ. ಇತ್ತು. ಮೂರನೆಯದು... ಪ್ರೂಫಿನಲ್ಲಿ ಇರಲಿಲ್ಲ. ನೇರ ಮುಂದಿನ ಪದ.

ಇನ್ನೊಮ್ಮೆ ಓದಿ ಎಂದೆ.

ಸ್ವಲ್ಪ ಹೊತ್ತು ಓದಲಿಲ್ಲ. ಹಾಳೆ ಹುಡುಕುತ್ತಿದ್ದಾರೆ ಎಂದುಕೊಂಡೆ. ಆಮೇಲೆ ನಿಧಾನವಾಗಿ, ನನ್ನ ಪೆನ್ನಿನ ವೇಗಕ್ಕೆ ಸರಿಯಾಗಿ: ಹನ್ನೊಂದು ವರ್ಷ ಎದುರಿಗೆ ಕೂತವಳ ಮೇಲೆ ಅವರು ಹಾಯಿಸಿದ್ದು ಮೇಲುಮೇಲಿನ ಒಂದು ನೋಟ ಮಾತ್ರ, ಪೂರ್ಣ.

ಅಂಚಿನಲ್ಲಿ ಬರೆದುಕೊಂಡೆ. ‘ಕೂತವಳ’ ಅಥವಾ ‘ಕುಳಿತವಳ’ ಎಂದು ಕೇಳಿದೆ. ಕೂತವಳ ಎಂದರು. ಇದರ ಇಂಗ್ಲಿಷ್ ವಾಕ್ಯ ಓದಿ ಎಂದೆ.

“ಇದಕ್ಕೆ ಇಂಗ್ಲಿಷ್ ಇಲ್ಲ ಸರ್.”

ಮೇಷ್ಟ್ರು ಮರೆತಿರಬೇಕು. ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಮುಂದಿನ ಪದಕ್ಕೆ ಹೋದೆವು. ಮೇಡಂ ಎರಡು ಸಲ ನೀರು ಕುಡಿದರು. ಧೂಳು. ಕಿಟಕಿ ಮುಚ್ಚಿದೆ.


ಜೂನ್ 13, ಗುರುವಾರ

ಡಿ ಶುರು. ಮೇಡಂ ಊಟಕ್ಕೆ ಬೇರೆ ಕಡೆ ಕೂರುತ್ತಿದ್ದಾರೆ. ಮೆಷಿನ್ನಿನವನು — ಕೆಳಗಿನ ಮಹಡಿಯಲ್ಲಿ ಅಚ್ಚಿನ ಯಂತ್ರ ನಡೆಸುವವನು, ಅವನ ಮನೆಯೂ ಮೇಡಂ ಮನೆಯೂ ಒಂದೇ ಗಲ್ಲಿ — ಕಾಲೆಳೆದ. “ಏನ್ ಸಾರ್, ರೇಡಿಯೋ ಸಂಸಾರದಲ್ಲಿ ಸ್ಟೇಷನ್ ಹಿಡೀತಿಲ್ವಾ?” ಎಂದ. ಒಬ್ಬರು ಓದುವುದು, ಒಬ್ಬರು ಕೇಳುವುದು — ಅದಕ್ಕೆ ಅವನಿಟ್ಟ ಹೆಸರು. ಅವನಿಗೆ ಎಲ್ಲವೂ ತಮಾಷೆ.

ಮನೆಯಲ್ಲಿ ಅಕ್ಕನಿಗೆ ಹೇಳಿದೆ, ತಿಂಗಳ ಕೊನೆಗೆ ಓದುವವರನ್ನು ತೆಗೆಯುತ್ತಾರೆ ಎಂದು. ಅಕ್ಕ ಬಟ್ಟೆ ಮಡಚುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ನೀನು ಮ್ಯಾನೇಜರಿಗೆ ಏನಂದೆ ಎಂದಳು. ಏನೂ ಅನ್ನಲಿಲ್ಲ ಎಂದೆ. ಮತ್ತೆ ಮಡಚತೊಡಗಿದಳು.

ರಾತ್ರಿಯೂಟಕ್ಕೆ ಮುಂಚೆ ಕಾದಂಬರಿ ಇಪ್ಪತ್ತು ಪುಟ. ಅನುವಾದ. ಹಿಮ, ರೈಲು, ಯಾರೋ ಯಾರಿಗೋ ಕಾಯುತ್ತಾರೆ. ಅನುವಾದದ ಪುಸ್ತಕವೇ ನನಗೆ ಹಿತ. ಯಾರ ಮಾತೂ ನೇರ ಬಂದು ಮೈಮೇಲೆ ಬೀಳುವುದಿಲ್ಲ, ನಡುವೆ ಇನ್ನೊಬ್ಬರಿರುತ್ತಾರೆ.


ಜೂನ್ 28, ಶುಕ್ರವಾರ. ಸಂಜೆ ಏಳು

ಮೇಡಂ ಅವರ ಕೊನೆಯ ದಿನ.

ಅಲ್ಪವಿರಾಮ ಎಲ್ಲರಿಗೂ ಟೀ, ಬಿಸ್ಕತ್ತು ತರಿಸಿದ್ದರು. ಎರಡು ಮಾತು ಆಡಲು ನಿಂತರು. ಎರಡೂ ಮುಗಿಯಲಿಲ್ಲ. ಮೆಷಿನ್ನಿನವನು ಚಪ್ಪಾಳೆ ಹೊಡೆದು ಮುಗಿಸಿದ.

ಟೀ ಆದ ಮೇಲೂ ಓದಿದೆವು. ಐದು ಪುಟ ಬಾಕಿಯಿತ್ತು. ಬಾಕಿ ಇಟ್ಟು ಹೋಗುವುದಿಲ್ಲ ಎಂದರು. ಐದೂವರೆಗೆ ಕೊನೆಯ ಸಾಲು.

“ಪುಟ ಮುಗೀತು, ಪೂರ್ಣ,” ಎಂದರು, ದಿನಾ ಅನ್ನುವ ಹಾಗೆಯೇ.

ಆ ಪುಟದಲ್ಲಿ ಎರಡು ತಿದ್ದು ಉಳಿದಿತ್ತು, ಹಾಕುತ್ತಿದ್ದೆ. ಬ್ಯಾಗಿನ ಜಿಪ್ಪು ಎಳೆದ ಸದ್ದು. ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ರೆಕಾರ್ಡ್ ಮಾಡುವ ಕಡೆ ಸದ್ಯಕ್ಕೆ ಒಂದು ಪುಸ್ತಕದ ಕೆಲಸ ಸಿಕ್ಕಿದೆ ಎಂದರು. ಒಳ್ಳೆಯದು ಎಂದೆ. ಸಿ ಪುಟಗಳ ಎರಡನೇ ಪ್ರೂಫ್ ಬಂತಾ ಎಂದು ಕೇಳಿದರು. ಬರಬೇಕು ಎಂದೆ.

“ಬಂದಾಗ ನೋಡ್ತೀರಲ್ಲ ಸರ್?”

“ನೋಡ್ದೆ ಇರ್ತೀನಾ? ಅದೇ ಕೆಲಸ.”

“ಸರಿ ಹಾಗಾದ್ರೆ. ಬರ್ತೀನಿ.”

ಹೂಂ ಎಂದೆ. ಎರಡನೇ ತಿದ್ದು ಒತ್ತಕ್ಷರದ್ದು, ಜಾಗ ಕಡಿಮೆ, ನಿಧಾನವಾಗಿ ಹಾಕಬೇಕಾಯಿತು. ತಲೆ ಎತ್ತಿದಾಗ ಕುರ್ಚಿ ಖಾಲಿ. ಮೆಟ್ಟಿಲಿನ ಸದ್ದು ಕೇಳುತ್ತಿತ್ತು. ನಡುವಿನ ತಿರುವಿನಲ್ಲಿ ಅವರು ಯಾವಾಗಲೂ ಒಂದು ಕ್ಷಣ ನಿಲ್ಲುತ್ತಾರೆ. ಇವತ್ತು ಸ್ವಲ್ಪ ಹೆಚ್ಚು ನಿಂತರು. ಆಮೇಲೆ ಇಳಿದರು.


ಜುಲೈ 9, ಮಂಗಳವಾರ

ಹತ್ತು ದಿನ ಬರೆದಿಲ್ಲ. ಬರೆಯುವಂಥದ್ದಿರಲಿಲ್ಲ.

ಒಬ್ಬನೇ ನೋಡುವುದು ಹೀಗೆ: ಎಡಕ್ಕೆ ಹಸ್ತಪ್ರತಿ, ಬಲಕ್ಕೆ ಪ್ರೂಫ್, ಕಣ್ಣು ಅತ್ತಿತ್ತ. ಗಂಟೆಗೆ ಎರಡು ಪುಟವೂ ಸಾಗುವುದಿಲ್ಲ. ಹಸ್ತಪ್ರತಿ ಬಿಟ್ಟು ಬರೀ ಪ್ರೂಫ್ ನೋಡಿ ಎನ್ನುತ್ತಾರೆ ಅಲ್ಪವಿರಾಮ. ಇ ಅಕ್ಷರದ ಪ್ರೂಫಿನಲ್ಲಿ ಒಂದು ಪೂರ್ತಿ ಸಾಲು ಎರಡೆರಡು ಸಲ ಬಂದಿತ್ತು. ಕಾಣಲಿಲ್ಲ. ಮೇಲೆ ಬಂದಿದ್ದ ಮೆಷಿನ್ನಿನವನಿಗೆ ಕಂಡಿತು. ಹನ್ನೊಂದು ವರ್ಷದಲ್ಲಿ ಹೀಗಾಗಿರಲಿಲ್ಲ.

ತುಟಿ ಅಲ್ಲಾಡಿಸುತ್ತೀರಿ ಎಂದಳು ಕಂಪೋಸಿಂಗ್ ಹುಡುಗಿ. ಇರಬಹುದು. ಓದುವಾಗ ಒಳಗೆ ಒಂದು ದನಿ ಬೇಕು, ನನ್ನದು ಹೊಂದುವುದಿಲ್ಲ. ಅಲ್ಪಕ್ಕೆ ಮುಂಚೆ ಮೇಡಂ ಒಂದು ಸಣ್ಣ ಉಸಿರು ಎಳೆಯುತ್ತಿದ್ದರು. ಪೂರ್ಣಕ್ಕೆ ಮುಂಚೆ ಇಲ್ಲ. ಆ ಉಸಿರು ಕೇಳಿದರೆ ಸಾಕು, ಪೆನ್ನು ತಾನೇ ಅಲ್ಪ ಹುಡುಕುತ್ತಿತ್ತು.

ಮನೆಯಲ್ಲಿ ಕಾದಂಬರಿಯೂ ಸಾಗುತ್ತಿಲ್ಲ. ಹಿಮ, ರೈಲು, ಕಾಯುವವನು — ಎಲ್ಲ ಅವರ ದನಿಯಲ್ಲಿ ಕೇಳುತ್ತದೆ. ‘ರೈಲು ಬರಲಿಲ್ಲ, ಪೂರ್ಣ.’ ಪುಸ್ತಕ ಮುಚ್ಚಿದೆ.


ಜುಲೈ 15, ಸೋಮವಾರ

ಮೇಜಿನ ಅವರ ಕಡೆಯ ಡ್ರಾಯರ್ ತೆಗೆದೆ. ರಬ್ಬರ್ ಬ್ಯಾಂಡ್, ಗಂಟಲ ಮಾತ್ರೆ ಅರ್ಧ ಪಟ್ಟಿ, ಒಂದು ಕನ್ನಡಕದ ಡಬ್ಬಿ. ಕಂದು ಬಣ್ಣ, ಮೂಲೆ ಸವೆದಿದೆ. ಒಳಗೆ ಕನ್ನಡಕವಿಲ್ಲ, ಒರೆಸುವ ಬಟ್ಟೆ ಮಾತ್ರ.

ಇದು ಯಾರದ್ದು ಎಂದು ಕಂಪೋಸಿಂಗ್ ಹುಡುಗಿಯನ್ನು ಕೇಳಿದೆ.

ಅವಳು ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಳು. “ಮೇಡಂದು ಸರ್. ಮೂರು ವರ್ಷದಿಂದ ಹಾಕ್ತಾರಲ್ಲ.”

ಮೂರು ವರ್ಷ.


ಜುಲೈ 17, ಬುಧವಾರ. ಮಧ್ಯಾಹ್ನ

ಸಿ ಪುಟಗಳ ಎರಡನೇ ಪ್ರೂಫ್ ಬಂತು. ಆಫೀಸಿನಲ್ಲೇ ಬರೆಯುತ್ತಿದ್ದೇನೆ. 

ಕರ್ಸರಿಗೆ ಮೂರು ಉದಾಹರಣೆ ಕೂತಿವೆ. ಮೊದಲ ಪ್ರೂಫಿನಲ್ಲಿ ಮೂರನೆಯದರ ಪಕ್ಕ ನನ್ನದೇ ಪ್ರಶ್ನಾರ್ಥಕ, ಇಂಗ್ಲಿಷ್ ಎಲ್ಲಿ ಎಂದು. ಮೇಷ್ಟ್ರ ಹಸ್ತಪ್ರತಿ ತೆಗೆದೆ. ಪುಟ 212. ಸೇತುವೆ ಇದೆ. ಅಧಿಕಾರಿ, ಅರ್ಜಿ ಇದೆ. ಅದರ ಕೆಳಗೆ ಗೆರೆ ಎಳೆದು ಮುಂದಿನ ಪದ. ಹಿಂದಿನ ಹಾಳೆ ನೋಡಿದೆ, ಮುಂದಿನದು ನೋಡಿದೆ. ಅಂಚು ನೋಡಿದೆ. ಹಾಳೆಯ ಬೆನ್ನು ನೋಡಿದೆ.

ಮೇಷ್ಟ್ರಿಗೆ ಫೋನ್ ಮಾಡಿದೆ. ಮೂರನೇ ಉದಾಹರಣೆ ಎಲ್ಲಿಯೂ ಬರೆದಿಲ್ಲ, ಎಲ್ಲ ಪದಕ್ಕೂ ಎರಡೇ ಎಂದರು. ವಾಕ್ಯ ಓದಿ ಎಂದರು. ಓದಿದೆ. ನಾನೇ ಗಟ್ಟಿಯಾಗಿ ಓದಿದೆ, ಮೊದಲ ಸಲ ಅರ್ಥ ಸಮೇತ.

ಹನ್ನೊಂದು ವರ್ಷ ಎದುರಿಗೆ ಕೂತವಳ ಮೇಲೆ.

 “ಇದನ್ನ ಬರೆದೋನು ನಾನಲ್ಲಪ್ಪ,” ಎಂದರು ಮೇಷ್ಟ್ರು. ಮತ್ತೆ, “ನಿಮಗೆ ಓದಿದೋರು ಯಾರು?” ಎಂದರು.

ಮೇಡಂ ಹಾಳೆಯಲ್ಲಿ ಇಲ್ಲದ್ದನ್ನು ಓದಿದರು. ನಾನು ಇನ್ನೊಮ್ಮೆ ಓದಿ ಎಂದೆ. ಅವರು ಇನ್ನೊಮ್ಮೆ ಓದಿದರು. ನಾನು ‘ಕೂತವಳ’ವೋ ‘ಕುಳಿತವಳ’ವೋ ಎಂದು ಕೇಳಿದೆ.


ಅದೇ ದಿನ. ಸಂಜೆ

ಕಿಟಕಿ ಮುಚ್ಚಿದೆನಲ್ಲ ಅವತ್ತು. ಧೂಳು ಎಂದು.


ಜುಲೈ 18, ಗುರುವಾರ

ಅಕ್ಕನಿಗೆ ಹೇಳಿಬಿಟ್ಟೆ. ಹೇಳುವುದಿಲ್ಲ ಎಂದುಕೊಂಡಿದ್ದೆ. ತಟ್ಟೆಯಲ್ಲಿ ಅನ್ನ ಹಾಗೇ ಇದೆಯಲ್ಲೋ, ಏನಾಯಿತು ಎಂದಳು. ಡೈರಿ ತೆರೆದು ಆ ವಾಕ್ಯ ತೋರಿಸಿದೆ.

ಎರಡು ಸಲ ಓದಿದಳು. ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ.

“ಅಕ್ಷರಕ್ಕೆ ಕೊಂಬು ಬಿಟ್ಟುಹೋಗಿದ್ರೆ ಮೈಲಿ ದೂರದಿಂದ ಕಾಣುತ್ತೆ ನಿನಗೆ. ಎದುರಿಗಿರೋ ಮನುಷ್ಯರಿಗೆ ತಲೆ ಇದೆಯೋ ಇಲ್ಲವೋ ಗೊತ್ತಾಗಲ್ಲ. ಹೇಗಿದಾಳೋ ನೋಡೋಕೆ?”

ಹೇಳಲು ಹೊರಟೆ. ಸ್ವಲ್ಪ ಎತ್ತರ... ಇರಬೇಕು. ಅವರು ಎದ್ದರೆ ನೆರಳು ನನ್ನ ಪ್ರೂಫಿನ ಅರ್ಧದವರೆಗೆ ಬರುತ್ತಿತ್ತು. ಬಳೆ ಇಲ್ಲ, ಸದ್ದಿರಲಿಲ್ಲ. ಎಡಗೈ ಗಡಿಯಾರ, ಟಿಕ್ ಕೇಳುತ್ತಿತ್ತು. ಪುಟ ತಿರುವುವಾಗ ಬೆರಳು ನಾಲಿಗೆಗೆ ಮುಟ್ಟಿಸುವುದಿಲ್ಲ. ಬೈತಲೆ ಮಧ್ಯಕ್ಕೋ ಪಕ್ಕಕ್ಕೋ — ಗೊತ್ತಿಲ್ಲ. ಕಣ್ಣು ಹೇಗೆ — ಗೊತ್ತಿಲ್ಲ. ನಗುವಾಗ ಹೇಗೆ ಕಾಣುತ್ತಾರೆ. ನಗುವಾಗ ಹೇಗೆ ಕೇಳುತ್ತಾರೆ ಎಂದು ಗೊತ್ತು.

ಅಕ್ಕ ತಟ್ಟೆ ಎತ್ತಿಕೊಂಡು ಹೋದಳು. ಒಳಗಿಂದ, ಇಷ್ಟೆಲ್ಲ ಕೇಳಿಸಿಕೊಂಡವನಿಗೆ ಒಂದು ಸಲ ನೋಡೋಕೆ ಏನು ರೋಗ ಬಂದಿತ್ತು ಎಂದಳು. ನನಗೆ ಹೇಳಿದ್ದಲ್ಲ, ಪಾತ್ರೆಗೆ.


ಜುಲೈ 20, ಶನಿವಾರ

ಮೇಷ್ಟ್ರ ವಿಂಗಡಣೆಯನ್ನು ನನಗೆ ಹಚ್ಚಿ ನೋಡಿದೆ.

ಕಾಟಾಚಾರ ಅಲ್ಲ. ಅವರು ರಜೆ ಹಾಕಿದ ದಿನ ನಾನು ಪುಟ ಮುಟ್ಟುತ್ತಿರಲಿಲ್ಲ, ಹಳೆಯ ಕಡತ ಜೋಡಿಸುತ್ತ ಕೂರುತ್ತಿದ್ದೆ. ಅದು ಏನೆಂದು ಆಗ ಯೋಚಿಸಿರಲಿಲ್ಲ. ಮನಸ್ಸಿತ್ತು.

ಕರ್ಸರಿಯೂ ಅಲ್ಲ. ಅವಸರವೇ ಇರಲಿಲ್ಲ. ಹನ್ನೊಂದು ವರ್ಷ, ದಿನಕ್ಕೆ ಏಳು ಗಂಟೆ. ಮತ್ತೆ, ಪದದ ಪ್ರಕಾರ ಕಣ್ಣು ಒಮ್ಮೆಯಾದರೂ ಹೋಗಿ ಮುಟ್ಟಬೇಕು. ನಾನು ಅಷ್ಟೂ ಮಾಡಿಲ್ಲ. ‘ಒಂದು ನೋಟ’ ಎಂದು ಅವರೇ ಉದಾರವಾಗಿ ನನ್ನ ಹೆಸರಿಗೆ ಬರೆದಿದ್ದಾರೆ. ಆ ನೋಟ ಇರಲೇ ಇಲ್ಲ.

ಹಾಗಾದರೆ ಯಾವ ಪದ? ಎ ಯಿಂದ ಇ ವರೆಗೆ ಸಿಗಲಿಲ್ಲ.


ಜುಲೈ 23, ಮಂಗಳವಾರ

ಮೇಷ್ಟ್ರು ಬಂದರು. ಮೂರನೆಯ ಉದಾಹರಣೆ ಇಡಬೇಕೋ ತೆಗೆಯಬೇಕೋ. ಸಿ ಪುಟಗಳು ಶುಕ್ರವಾರ ಕೆಳಗೆ ಮೆಷಿನ್ನಿಗೆ ಹೋಗುತ್ತವೆ.

ಅವರಿಗೆ ಇಡಬೇಕೆಂದೇ ಇದೆ. ನನ್ನ ಎರಡನ್ನು ಮಕ್ಕಳು ಪರೀಕ್ಷೆ ಮುಗಿದ ದಿನವೇ ಮರೆಯುತ್ತವೆ, ಇದನ್ನು ಮರೆಯುವುದಿಲ್ಲ ಎಂದರು. ಇಂಗ್ಲಿಷ್ ವಾಕ್ಯ ನಾನೇ ಬರೆದುಕೊಡುತ್ತೇನೆ ಎಂದರು. ಜೇಬಿಗೆ ಕೈ ಹಾಕಿ ಪೆನ್ನನ್ನೂ ತೆಗೆದರು. ಬೇಡ ಎಂದೆ. ಯಾಕೆಂದು ಕೇಳಲಿಲ್ಲ. ಪೆನ್ನು ವಾಪಸ್ ಇಟ್ಟುಕೊಂಡರು.

ಹೋಗುವಾಗ ಬಾಗಿಲಲ್ಲಿ ನಿಂತು, “ಅವತ್ತು ಆ ಹುಡುಗಿಗೆ ಒಂದು ಮಾತು ಹೇಳಿದ್ದೆ, ನೆನಪಿದೆಯಾ? ಎರಡನೇದಕ್ಕೆ ಇನ್ನೊಂದು ಸಲ ನೋಡಪ್ಪಾ ಅನ್ನಬಹುದು ಅಂತ,” ಎಂದರು. ನಲವತ್ತೈದು ದಾಟಿದವರೂ ಮೇಷ್ಟ್ರಿಗೆ ಹುಡುಗಿ.

ಅಂದರೆ ಮೇಡಂ ಅದನ್ನು ಕೇಳಿಸಿಕೊಂಡ ಮೇಲೆಯೇ ಆ ವಾಕ್ಯ ಓದಿದ್ದು. ಬುಧವಾರ ಕೇಳಿದರು. ಶುಕ್ರವಾರ ಓದಿದರು.


ಜುಲೈ 25, ಗುರುವಾರ

ತೆಗೆದೆ. ಕೆಂಪು ಗೆರೆ, ಅಂಚಿನಲ್ಲಿ ತೆಗೆಯುವ ಗುರುತು. ಹಸ್ತಪ್ರತಿಯಲ್ಲಿ ಇಲ್ಲದ್ದು ಅಚ್ಚಿನಲ್ಲಿ ಇರಕೂಡದು, ಅದು ಒಂದು. ಇನ್ನೊಂದು — ಪುಸ್ತಕದಲ್ಲಿ ಉಳಿದರೆ ಐದು ಸಾವಿರ ಜನ ಓದುತ್ತಾರೆ. ಅದು ಒಬ್ಬನಿಗೆ ಓದಿದ್ದು.

ನನ್ನ ಕೈಬರಹದ ಅಂಚು ಇರುವ ಮೊದಲ ಪ್ರೂಫ್ ಹಾಳೆಯನ್ನು ರದ್ದಿಗೆ ಹಾಕಲಿಲ್ಲ. ಮನೆಗೆ ತಂದೆ. ಹನ್ನೊಂದು ವರ್ಷದಲ್ಲಿ ಪ್ರೆಸ್ಸಿನಿಂದ ತಂದ ಮೊದಲ ಹಾಳೆ.


ಜುಲೈ 30, ಮಂಗಳವಾರ

ಕಾಗದ ಬರೆದೆ. ಮೂರು ಸಲ. ಮೂರನ್ನೂ ತಿದ್ದಿದೆ. ತಿದ್ದಿದ ಮೇಲೆ ‘ಮೇಡಂ ಅವರಿಗೆ’ ಮತ್ತು ಅಲ್ಪ ಮಾತ್ರ ಉಳಿಯಿತು.


ಆಗಸ್ಟ್ 2, ಶುಕ್ರವಾರ

ಮೆಷಿನ್ನಿನವನು ಮೇಲೆ ಬಂದ. ಏನೂ ಕೆಲಸವಿರಲಿಲ್ಲ, ಸುಮ್ಮನೆ ಮೇಜಿನ ಅಂಚಿಗೆ ಒರಗಿದ. ಮೇಡಂ ಮನೆ ಖಾಲಿ ಮಾಡುತ್ತಿದ್ದಾರಂತೆ. ಅವರ ಅಣ್ಣನ ಊರಿಗೆ. ರೆಕಾರ್ಡಿಂಗ್ ಪುಸ್ತಕ ಸೋಮವಾರ ಮುಗಿಯುತ್ತದಂತೆ, ಮಂಗಳವಾರ ಬೆಳಿಗ್ಗೆ ಲಾರಿ. ಅವನ ಹೆಂಡತಿ ಸಾಮಾನು ಕಟ್ಟಲು ಹೋಗಿದ್ದಳಂತೆ. ಎರಡು ಪೆಟ್ಟಿಗೆ ಪುಸ್ತಕ, ಪಾತ್ರೆ ಒಂದೇ ಪೆಟ್ಟಿಗೆ.

ಅವನ ಮುಖದಲ್ಲಿ ತಮಾಷೆಯಿರಲಿಲ್ಲ. “ಸಾರ್, ಸಿ ಪುಟಗಳ ಫಾರಂ ಅಚ್ಚು ಹೊಡೆದಿದ್ದು ನಾನೇ. ನೀವು ಕೆಂಪು ಹಾಕಿದ್ದನ್ನೂ ಓದಿದೆ. ಗೊತ್ತಾಗದೆ ಇರುತ್ತಾ ನಮಗೆ? ಇಡೀ ಪ್ರೆಸ್ಸಿಗೆ ಗೊತ್ತಿತ್ತು, ನಿಮ್ಮಿಬ್ಬರನ್ನ ಬಿಟ್ಟು.” ಸ್ವಲ್ಪ ತಡೆದು, “ನಿಮ್ಮೊಬ್ಬರನ್ನ ಬಿಟ್ಟು,” ಎಂದು ತಾನೇ ತಿದ್ದಿಕೊಂಡ.

ಸೋಮವಾರಕ್ಕೆ ರಜೆ ಚೀಟಿ ಬರೆದೆ. ಅಲ್ಪವಿರಾಮ ಕಾರಣ ಕೇಳಿದರು. ಸ್ವಂತ ಕೆಲಸ ಎಂದೆ. ಮೇಲುಮೇಲೆ ಕಣ್ಣಾಡಿಸಿ ಸಹಿ ಹಾಕಿದರು.


ಆಗಸ್ಟ್ 4, ಭಾನುವಾರ

ಅಕ್ಕ ಅಂಗಿ ಇಸ್ತ್ರಿ ಮಾಡಿಟ್ಟಿದ್ದಾಳೆ. ನಾನು ಕೇಳಿರಲಿಲ್ಲ. ಏನು ಹೇಳುತ್ತೀಯ ಎಂದಳು. ಗೊತ್ತಿಲ್ಲ ಎಂದೆ. ಬಾಯಿಪಾಠ ಮಾಡಿಕೊಂಡು ಹೋಗಬೇಡ, ತಿದ್ದುತ್ತ ನಿಂತುಬಿಡುತ್ತೀಯ ಎಂದಳು.

ಚೀಲದಲ್ಲಿ: ಕನ್ನಡಕದ ಡಬ್ಬಿ. ಪ್ರೂಫ್ ಹಾಳೆ, ಮಡಚದೆ, ಎರಡು ರಟ್ಟಿನ ನಡುವೆ. ಈ ಡೈರಿ.


ಆಗಸ್ಟ್ 5, ಸೋಮವಾರ. ಹನ್ನೊಂದು ಹತ್ತು

ರೆಕಾರ್ಡಿಂಗ್ ಕೋಣೆಯ ಹೊರಗಿನ ಬೆಂಚು. ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿದೆ. ಉರಿಯುವಾಗ ತೆರೆಯುವಂತಿಲ್ಲ, ತಟ್ಟುವಂತಿಲ್ಲ. ಕೊನೆಯ ಅಧ್ಯಾಯ, ಇನ್ನು ಮುಕ್ಕಾಲು ಗಂಟೆ ಎಂದ ಆಫೀಸಿನವನು. ಕಾಯುತ್ತೀರಾ ಎಂದ. ಕಾಯುತ್ತೇನೆ ಎಂದೆ.

ಬಾಗಿಲಲ್ಲಿ ಅಂಗೈಯಗಲದ ಗಾಜು. ಅದರಾಚೆ ಮೇಡಂ.

ಒಂದು ಸದ್ದೂ ಹೊರಗೆ ಬರುವುದಿಲ್ಲ. ಗೋಡೆಗೆಲ್ಲ ದಪ್ಪ ಸ್ಪಂಜು. ಅವರ ತುಟಿ ಆಡುತ್ತದೆ, ನನಗೆ ಏನೂ ಕೇಳುವುದಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಅವರು ಓದುತ್ತಿದ್ದಾರೆ ಮತ್ತು ನನ್ನ ಮುಂದೆ ಪ್ರೂಫ್ ಇಲ್ಲ.

ಹನ್ನೊಂದು ಇಪ್ಪತ್ತೈದು

ಬೈತಲೆ ಎಡಕ್ಕೆ. ಕಿವಿಯ ಹತ್ತಿರ ನರೆ, ಬಲಗಡೆ ಹೆಚ್ಚು. ಕನ್ನಡಕಕ್ಕೆ ಕಪ್ಪು ಫ್ರೇಮು, ಮೂಗಿನ ಮೇಲೆ ಸ್ವಲ್ಪ ಜಾರಿದೆ, ನಡುಬೆರಳಿನಿಂದ ಮೇಲೆ ತಳ್ಳುತ್ತಾರೆ. ಹುಬ್ಬು ದಟ್ಟ. ಅಲ್ಪ ಬಂದಾಗ ಎಳೆಯುವ ಉಸಿರು ಭುಜದಲ್ಲಿ ಕಾಣುತ್ತದೆ, ಒಂದು ಕೂದಲೆಳೆಯಷ್ಟು ಏಳುತ್ತದೆ. ಹಾಗಾಗಿ ಓದುತ್ತಿರುವ ಪುಸ್ತಕ ಯಾವುದೆಂದು ತಿಳಿಯದಿದ್ದರೂ ವಾಕ್ಯ ಎಲ್ಲಿ ಮುಗಿಯುತ್ತದೆ ಎಂದು ಹೇಳಬಲ್ಲೆ. ಪೂರ್ಣಕ್ಕೆ ಕಣ್ಣು ಒಂದು ಸಲ ಮುಚ್ಚುತ್ತದೆ. ಇದು ಗೊತ್ತಿರಲಿಲ್ಲ. ಇದಕ್ಕೆ ಸದ್ದಿಲ್ಲವಲ್ಲ, ಗೊತ್ತಾಗುವುದು ಹೇಗೆ.

ಗಲ್ಲದ ಮೇಲೆ ಹಳೆಯ ಸಣ್ಣ ಗಾಯದ ಗುರುತು. ಯಾವಾಗ ಆದದ್ದೋ. ಈ ಹನ್ನೊಂದು ವರ್ಷದಲ್ಲೇ ಆದದ್ದೋ.

ಹನ್ನೊಂದು ಐವತ್ತು

ಪುಟ ತಿರುವುವಾಗ ತಲೆ ಎತ್ತಿದರು. ನೋಡಿದರು.

ಓದು ನಿಲ್ಲಿಸಲಿಲ್ಲ. ನಿಲ್ಲಿಸುವಂತಿಲ್ಲ, ವಾಕ್ಯದ ನಡುವಿದ್ದರು. ಹಾಳೆಗೆ ಮರಳಿದರು. ಭುಜ ಎದ್ದಿತು. ಅಲ್ಪ. ಇನ್ನೊಂದು ಅಲ್ಪ. ಇಷ್ಟು ಉದ್ದದ ವಾಕ್ಯ ಯಾರು ಬರೆದರೋ. ಕಣ್ಣು ಮುಚ್ಚಿತು. ಪೂರ್ಣ. ತೆರೆದಾಗ ಹಾಳೆಯ ಕಡೆಗಲ್ಲ, ಗಾಜಿನ ಕಡೆಗೆ ತೆರೆಯಿತು. ನಾನು ಕಣ್ಣು ತಗ್ಗಿಸಲಿಲ್ಲ. ಕುತ್ತಿಗೆಗೆ ಅಭ್ಯಾಸವಿಲ್ಲ, ನೋಯುತ್ತದೆ. ತಗ್ಗಿಸಲಿಲ್ಲ.

ಮತ್ತೆ ಓದತೊಡಗಿದ್ದಾರೆ. ಕೈಯಲ್ಲಿ ಉಳಿದಿರುವುದು ಎರಡು ಹಾಳೆ. ಓದುವ ವೇಗ ಕಡಿಮೆ ಮಾಡಿದ್ದಾರೆ, ನಾನು ಬರೆದುಕೊಳ್ಳುವಾಗ ಮಾಡುತ್ತಿದ್ದ ಹಾಗೆ.

ಅವರನ್ನು ಕೇಳಬೇಕಾದದ್ದು ಒಂದೇ. ಇನ್ನೊಂದು ಸಲ...

ಕೊನೆಯ ಹಾಳೆ. ಇದನ್ನು ಬರೆಯುವಷ್ಟು ಹೊತ್ತೂ ಮತ್ತೆ ತಲೆ ಬಗ್ಗಿಸಿಯೇ ಕೂತಿದ್ದೇನೆ. ಬಾಗಿಲ ಮೇಲಿನ ಕೆಂಪು ದೀಪ ಆರಿತು. ಬಾಗಿಲ ಚಿಲಕದ ಸದ್ದು. ಇನ್ನು ಒಂದಕ್ಷರವೂ